ಹೊರಗೆ ಮಕ್ಕಳ ಫೋಟೋ: ಮುಖ ಕಿವುಚದ ಹಾಗೆ, ಮುಖಕ್ಕೆ ಬೆಳಕು ಬೀಳುವ ಹಾಗೆ ತೆಗೆಯುವುದು ಹೇಗೆ?

ಜಯನಗರದ ಅಮ್ಮ:

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ 4 ವರ್ಷ. ಮನೆ ಹತ್ತಿರದ ಪಾರ್ಕಿಗೆ, ಆಗಾಗ ಲಾಲ್‌ಬಾಗಿಗೆ ಕರೆದುಕೊಂಡು ಹೋಗುತ್ತೇವೆ. ಹೊರಗೆ ಅಷ್ಟೊಂದು ಬೆಳಕಿರುತ್ತದೆ, ಆದರೂ ಫೋಟೋ ಚೆನ್ನಾಗಿ ಬರುವುದಿಲ್ಲ. ಬಿಸಿಲಿಗೆ ಮುಖ ಮಾಡಿ ನಿಲ್ಲಿಸಿದರೆ ಮುಖ ಕಿವುಚುತ್ತಾಳೆ. ತಿರುಗಿಸಿ ನಿಲ್ಲಿಸಿದರೆ ಆಕಾಶ ಬೆಳ್ಳಗೆ, ಮುಖ ಮಸಿ. ಮರದ ಕೆಳಗೆ ಹೋದರೆ ಹಣೆ ಮೇಲೆ, ಮೂಗಿನ ಮೇಲೆ ಬಿಸಿಲಿನ ಚುಕ್ಕೆಗಳು. "ನಗು ಪುಟ್ಟಾ" ಎಂದರೆ ಹಲ್ಲು ಕಚ್ಚಿಕೊಂಡು ಒಂದು ನಗು ಬರುತ್ತದೆ. ಅದು ಅವಳ ನಗುವೇ ಅಲ್ಲ.

ಫೋನ್ ಇದೆ. ಯಜಮಾನರ ಹಳೆಯ ಡಿಎಸ್‌ಎಲ್‌ಆರ್ ಕ್ಯಾಮೆರಾ, 50 ಎಂಎಂ ಲೆನ್ಸ್ ಕೂಡ ಇದೆ. ನಾವು ಹೊರಡುವುದು ಹೆಚ್ಚಾಗಿ ಬೆಳಿಗ್ಗೆ 10ರ ಮೇಲೆ. ಫ್ಲ್ಯಾಶ್, ಲೈಟು ಅಂತೆಲ್ಲ ಕೊಳ್ಳುವ ಆಸೆ ಇಲ್ಲ. ಅವಳು ಮನೆಯಲ್ಲಿ ಹೇಗಿರುತ್ತಾಳೋ ಹಾಗೇ ಫೋಟೋದಲ್ಲೂ ಇರಬೇಕು, ಅಷ್ಟೇ. ಗೊತ್ತಿದ್ದವರು ದಯವಿಟ್ಟು ಹೇಳಿ.

ಹೊಂಗೆ ನೆರಳು:

ಮೇಡಂ, ಮಕ್ಕಳ ಫೋಟೋ ತೆಗೆಯುವುದೇ ನನ್ನ ಕೆಲಸ. ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ಬಿಡುವು ಮಾಡಿಕೊಂಡು ಓದಿ.

ಕ್ಯಾಮೆರಾ ಬ್ಯಾಗಿನಿಂದ ಹೊರಗೆ ಬರುವ ಮೊದಲೇ ನನ್ನ ಮುಕ್ಕಾಲು ಕೆಲಸ ಮುಗಿದಿರುತ್ತದೆ. ಮೊದಲು ಬೆಳಕು ಚೆನ್ನಾಗಿರುವ ಜಾಗ ಹುಡುಕುತ್ತೇನೆ. ಆಮೇಲೆ ಮಗು ಅಲ್ಲೇ ಆಡಿಕೊಂಡಿರುವ ಹಾಗೆ ಏನಾದರೂ ಆಟ ಹೂಡುತ್ತೇನೆ. ಮಗುವನ್ನು ನಿಲ್ಲಿಸಿ, ತಿರುಗಿಸಿ, ನಗಿಸುವ ಗೋಜಿಗೆ ಹೋಗುವುದಿಲ್ಲ. ನಿಮ್ಮ ಎಲ್ಲ ತೊಂದರೆಗೂ ಇದರಲ್ಲೇ ಉತ್ತರ ಇದೆ ಅನ್ನಿಸುತ್ತದೆ.

ಬೆಂಗಳೂರಿನ ಸೂರ್ಯನ ಬಗ್ಗೆ ಮೊದಲು ಹೇಳಬೇಕು. ನಮ್ಮ ಊರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯ ವಾರ ಒಮ್ಮೆ, ಆಗಸ್ಟ್ ಮಧ್ಯದಲ್ಲಿ ಒಮ್ಮೆ, ಮಧ್ಯಾಹ್ನ ಸೂರ್ಯ ಸರಿಯಾಗಿ ನಡುನೆತ್ತಿಗೆ ಬರುತ್ತಾನೆ. ಶೂನ್ಯ ನೆರಳಿನ ದಿನ ಎಂದು ಪೇಪರಿನಲ್ಲಿ ಬರುತ್ತದಲ್ಲ, ಅದೇ. ಬೆಳಕು ನೆತ್ತಿಯಿಂದ ಬಿದ್ದರೆ ಹುಬ್ಬಿನ ನೆರಳು ಕಣ್ಣಿನ ಗುಳಿಗೆ ಬೀಳುತ್ತದೆ, ಮೂಗಿನ ನೆರಳು ತುಟಿಗೆ ಬೀಳುತ್ತದೆ. ಎಷ್ಟು ಮುದ್ದಾದ ಮಗುವಾದರೂ ಸುಸ್ತಾದ ಹಾಗೆ ಕಾಣುತ್ತದೆ.

ಬೆಳಕು ಚೆನ್ನಾಗಿದೆಯೇ ಎಂದು ತಿಳಿಯಲು ನಿಮ್ಮ ನೆರಳು ನೋಡಿಕೊಳ್ಳಿ. ನೆರಳು ನಿಮಗಿಂತ ಉದ್ದ ಇದ್ದರೆ ಸೂರ್ಯ 45 ಡಿಗ್ರಿಗಿಂತ ಕೆಳಗಿದ್ದಾನೆ, ಕಣ್ಣಿನೊಳಗೆ ಬೆಳಕು ಹೋಗುತ್ತದೆ. ನೆರಳು ಗಿಡ್ಡ ಆದರೆ ಬಿಸಿಲಿನಿಂದ ಹೊರಗೆ ಬನ್ನಿ. ಡಿಸೆಂಬರ್‌ನಲ್ಲಿ ನಿಮಗೆ ಬೆಳಿಗ್ಗೆ ಸುಮಾರು 10:30ರ ತನಕ ಸಮಯ ಸಿಗುತ್ತದೆ. ಏಪ್ರಿಲ್‌ನಲ್ಲಿ 9:15ಕ್ಕೆಲ್ಲ ಮುಗಿಯಿತು. ಒಂದೇ ಪಾರ್ಕು, ಒಂದೇ ಹೊತ್ತು, ಆದರೂ ಚಳಿಗಾಲದ ಫೋಟೋ ಚೆನ್ನಾಗಿ ಬಂದು ಬೇಸಿಗೆಯದು ಕೆಡುವುದು ಇದಕ್ಕೇ.

10ರ ಮೇಲೆ ಹೋಗುವವರಿಗೆ ನೆರಳೇ ಗತಿ. ಆದರೆ ನೆರಳಿನ ನಡುವೆ ಅಲ್ಲ, ನೆರಳಿನ ಅಂಚಿನಲ್ಲಿ. ಮಗು ಅಂಚಿನಿಂದ ಒಂದೆರಡು ಹೆಜ್ಜೆ ಒಳಗಿರಲಿ. ಮುಖ ಹೊರಗಿನ ಬಯಲಿನ ಕಡೆಗಿರಲಿ. ಆಗ ನೇರ ಬಿಸಿಲು ತಾಗುವುದಿಲ್ಲ. ಎದುರಿನ ದೊಡ್ಡ ಆಕಾಶದ ಬೆಳಕು, ಬಿಸಿಲು ಬಿದ್ದ ನೆಲದ ಬೆಳಕು ಮುಖಕ್ಕೆ ಬರುತ್ತದೆ. ಮಗುವಿನ ಕಣ್ಣೊಳಗೆ ಇಣುಕಿ ನೋಡಿ. ಕರಿಗುಡ್ಡೆಯ ಮೇಲೆ ಒಂದು ಬೆಳ್ಳನೆ ಹೊಳಪು ಕಂಡರೆ ಜಾಗ ಸರಿಯಾಗಿದೆ. ಹೊಳಪು ಇಲ್ಲದಿದ್ದರೆ ಇನ್ನೊಂದು ಹೆಜ್ಜೆ ಹೊರಗೆ ಕರೆಯಿರಿ.

ಮಗು ಬರುವ ಮೊದಲೇ ಪರೀಕ್ಷೆ ಮಾಡಬೇಕಾದರೆ ನಿಮ್ಮ ಮುಷ್ಟಿ ಮುಂದೆ ಚಾಚಿ, ನಿಂತಲ್ಲೇ ನಿಧಾನವಾಗಿ ಒಂದು ಸುತ್ತು ತಿರುಗಿ. ಗೆಣ್ಣುಗಳ ಮೇಲೆ ಬೆಳಕು ಬದಲಾಗುವುದು ಕಾಣುತ್ತದೆ. ಯಾವ ದಿಕ್ಕಿನಲ್ಲಿ ಅದು ಮೃದುವಾಗಿ ಕಂಡಿತೋ, ಮಗುವಿನ ಮುಖ ಆ ದಿಕ್ಕಿಗೆ.

ಚುಕ್ಕೆ ಬಿಸಿಲಿಗೆ ಮರ ಬದಲಾಯಿಸುವುದೇ ದಾರಿ. ಗುಲ್‌ಮೊಹರ್, ಜಕರಂಡಾ ಮರಗಳ ಎಲೆ ತೀರಾ ಸಣ್ಣದು, ಬಿಸಿಲು ಸೋರುತ್ತದೆ. ಬಿದಿರಿನದೂ ಅದೇ ಕತೆ. ಮಾವು, ಆಲ, ಹೊಂಗೆ ದಟ್ಟ. ಹೊಂಗೆ ಬೇಸಿಗೆಗೆ ಮುಂಚೆ ಎಲೆ ಉದುರಿಸುತ್ತದೆ, ಯುಗಾದಿ ಹೊತ್ತಿಗೆ ಹೊಸ ಚಿಗುರು ತುಂಬಿ ನೆರಳು ಒಳ್ಳೆಯದಾಗುತ್ತದೆ. ಮಗುವಿನ ಹಿಂದೆ ಏನಿದೆ ಎಂದೂ ನೋಡಿ. ಮಗು ನೆರಳಿನಲ್ಲಿದ್ದು ಹಿಂದಿನ ಹುಲ್ಲು ಉರಿಬಿಸಿಲಿನಲ್ಲಿದ್ದರೆ ಕಣ್ಣು ಅಲ್ಲಿಗೇ ಹೋಗುತ್ತದೆ. ಹಿಂದೆಯೂ ನೆರಳು, ಮರದ ಕಾಂಡ, ಪೊದೆ ಇದ್ದರೆ ಮುಖ ಎದ್ದು ಕಾಣುತ್ತದೆ.

ವೀಕೆಂಡ್ ಅಪ್ಪ:

ಸರ್, ಹೇಳಿದ್ದು ಸರಿ. ಆದರೆ ಎಲ್ಲರೂ "ಬೆಳಿಗ್ಗೆ ಬೇಗ ಹೋಗಿ, ಸಂಜೆ ಹೋಗಿ" ಎನ್ನುತ್ತಾರೆ. ನಮಗೆ ಸಿಗುವುದು ಭಾನುವಾರ ಒಂದು. ಮಗ ಏಳುವುದೇ 8:30ಕ್ಕೆ. ತಿಂಡಿ, ಸ್ನಾನ, ಟ್ರಾಫಿಕ್ ಎಲ್ಲ ಮುಗಿದು ಪಾರ್ಕು ಸೇರುವಾಗ 11. ಸಂಜೆ ಯಾರದೋ ಬರ್ತ್‌ಡೇ, ಇಲ್ಲ ನೆಂಟರು. ನಿದ್ದೆಗೆಟ್ಟ ಮಗುವನ್ನು 7 ಗಂಟೆಗೆ ಎಳೆದುಕೊಂಡು ಹೋದರೆ ಬೆಳಕು ಚೆನ್ನಾಗಿರುತ್ತದೆ, ಮಗು ಅಳುತ್ತಿರುತ್ತದೆ. ನಡುಮಧ್ಯಾಹ್ನಕ್ಕೆ ಏನಾದರೂ ದಾರಿ ಇದೆಯಾ?

ಹೊಂಗೆ ನೆರಳು:

ಖಂಡಿತ ಇದೆ. ಇದಕ್ಕೆ ಪಾರ್ಕಿಗೇ ಹೋಗಬೇಕಿಲ್ಲ. ಕಟ್ಟಡಗಳ ಉತ್ತರದ ಬದಿ ಹುಡುಕಿ. ಆಗಸ್ಟ್ ಮಧ್ಯದಿಂದ ಏಪ್ರಿಲ್ ಕೊನೆಯವರೆಗೆ ಮಧ್ಯಾಹ್ನದ ಸೂರ್ಯ ನಮ್ಮ ತಲೆಯಿಂದ ದಕ್ಷಿಣಕ್ಕೆ ಇರುತ್ತಾನೆ. ಹಾಗಾಗಿ ಉತ್ತರದ ಗೋಡೆಯ ಬುಡದಲ್ಲಿ ಮಧ್ಯಾಹ್ನ ನೆರಳು ಸಿಗುತ್ತದೆ. ಚಳಿಗಾಲದಲ್ಲಿ ಅದು ಅಗಲ, ಏಪ್ರಿಲ್ ಹತ್ತಿರ ಬಂದ ಹಾಗೆ ಕಿರಿದು. ಮೇ, ಜೂನ್, ಜುಲೈಯಲ್ಲಿ ಉಲ್ಟಾ, ಆಗ ದಕ್ಷಿಣದ ಬದಿ ನೋಡಿ.

ಹಳೆ ಮನೆಯ ಜಗಲಿ, ಪೋರ್ಟಿಕೋ, ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಬಾಗಿಲು, ದೇವಸ್ಥಾನದ ಮಂಟಪ, ಇವೆಲ್ಲ ಒಳ್ಳೆಯ ಜಾಗಗಳು. ಮೇಲೆ ಸೂರು ಇರುವುದರಿಂದ ನೆತ್ತಿಯ ಬೆಳಕು ನಿಲ್ಲುತ್ತದೆ, ಬೆಳಕು ಬದಿಯಿಂದಷ್ಟೇ ಬರುತ್ತದೆ. ಎದುರು ಮನೆಗೆ ಸುಣ್ಣದ ಬಿಳಿ ಗೋಡೆ ಇದ್ದು ಅದಕ್ಕೆ ಬಿಸಿಲು ಬಿದ್ದಿದ್ದರೆ ಅದಕ್ಕಿಂತ ಒಳ್ಳೆಯ ಲೈಟು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಗೋಡೆಯ ಬಣ್ಣ ಮಾತ್ರ ಗಮನಿಸಿ. ಹಸಿರು ಗೋಡೆ ಮುಖವನ್ನು ಹಸಿರು ಮಾಡುತ್ತದೆ. ಕಡುಗುಲಾಬಿ ಟೀ ಶರ್ಟ್ ಗಲ್ಲದ ಕೆಳಗೆ ಗುಲಾಬಿ ಬಣ್ಣ ಚೆಲ್ಲುತ್ತದೆ.

ಬಸವನಗುಡಿ ತಾತ:

ಮಕ್ಕಳೇ, ನನ್ನದೂ ಒಂದು ಮಾತು. "ಸೂರ್ಯ ನಿನ್ನ ಬೆನ್ನಿಗಿರಲಿ, ಮಗುವಿನ ಮುಖಕ್ಕಿರಲಿ" ಎಂದು ನಮ್ಮ ಕಾಲದಲ್ಲಿ ಎಲ್ಲರೂ ಹೇಳುತ್ತಿದ್ದರು. ಅದಕ್ಕೆ ಕಾರಣ ಇತ್ತು. ಆಗ್ಫಾ ಕ್ಲಿಕ್ 3 ಕ್ಯಾಮೆರಾದಲ್ಲಿ ಬಿಸಿಲು, ಮೋಡ ಅಂತ ಗುರುತು ಇರುತ್ತಿತ್ತು. ಶಟರ್ ವೇಗ, ಅಂದರೆ ಬೆಳಕು ಒಳಗೆ ಬರಲು ಕ್ಯಾಮೆರಾದ ಬಾಗಿಲು ತೆರೆದಿರುವ ಹೊತ್ತು, ಬದಲಾಯಿಸಲು ಬರುತ್ತಿರಲಿಲ್ಲ. ಫಿಲ್ಮು ಈಗಿನ ಸೆನ್ಸರ್‌ನಷ್ಟು ಚುರುಕಲ್ಲ. ನೆರಳಿಗೆ ಹೋದರೆ ಬೆಳಕು ಎಂಟನೇ ಒಂದು ಪಾಲಿಗೆ ಇಳಿಯುತ್ತದೆ, ಚಿತ್ರ ಮಂಕಾಗುತ್ತದೆ. ಅದಕ್ಕೇ ಬಿಸಿಲಿಗೆ ನಿಲ್ಲಿಸುತ್ತಿದ್ದೆವು. ಹಳೆ ಆಲ್ಬಮ್ಮಿನಲ್ಲಿ ಎಲ್ಲ ಮಕ್ಕಳೂ ಮುಖ ಕಿವುಚಿಕೊಂಡಿರುವುದು ಆ ಕಾರಣಕ್ಕೆ.

ಈಗ ಆ ಕಷ್ಟ ಇಲ್ಲವಲ್ಲಮ್ಮ. ಕ್ಯಾಮೆರಾ ಬದಲಾದರೂ ಆ ಮಾತು ಮಾತ್ರ ಮನೆಮನೆಯಲ್ಲಿ ಉಳಿದುಬಿಟ್ಟಿದೆ. ಸೂರ್ಯನನ್ನು ಮಗುವಿನ ಬೆನ್ನಿಗೆ ಹಾಕಿ. ಸಂಜೆ ಕೂದಲಿನ ಅಂಚೆಲ್ಲ ಬಂಗಾರದ ಹಾಗೆ ಹೊಳೆಯುತ್ತದೆ, ಕಣ್ಣು ಅಗಲವಾಗಿ ತೆರೆದಿರುತ್ತದೆ. ಮುಖ ಕಪ್ಪಾದರೆ ಎಕ್ಸ್‌ಪೋಷರ್, ಅಂದರೆ ಚಿತ್ರಕ್ಕೆ ಬೀಳುವ ಬೆಳಕು, ಏರಿಸಿ. ಹಿಂದೆ ಬರೀ ಆಕಾಶ ಬರದ ಹಾಗೆ, ಮರ ಗಿಡ ಬರುವ ಹಾಗೆ ನಿಂತುಕೊಳ್ಳಿ. ಬೆಳಕು ನೇರ ಲೆನ್ಸಿಗೆ ಹೊಡೆದು ಚಿತ್ರ ಮಸುಕಾದರೆ ಎಡಗೈ ಅಡ್ಡ ಹಿಡಿದರೆ ಸಾಕು.

ಲಾಲ್‌ಬಾಗಿನ ಬಂಡೆ ಸಂಜೆಗೆ ಬಲು ಚೆನ್ನ. ಸುಮಾರು 300 ಕೋಟಿ ವರ್ಷದ ಕಲ್ಲು ಅದು. ಬಿಸಿಲು ಓರೆಯಾಗಿ ಬಿದ್ದಾಗ ಆ ಬಂಡೆಯೇ ಕೆಳಗಿನಿಂದ ಮುಖಕ್ಕೆ ಬೆಳಕು ಎಸೆಯುತ್ತದೆ. ಆದರೆ ಹೊತ್ತು ಕಳೆಯಬೇಡಿ. ನಮ್ಮ ಕಡೆ ಸೂರ್ಯ ಓರೆಯಾಗಿ ಜಾರುವುದಿಲ್ಲ, ಹೆಚ್ಚುಕಡಿಮೆ ನೆಟ್ಟಗೆ ಇಳಿಯುತ್ತಾನೆ, ಗಂಟೆಗೆ ಸುಮಾರು 14 ಡಿಗ್ರಿ. ಒಳ್ಳೆಯ ಬೆಳಕು ಅರ್ಧ ಗಂಟೆ ನಿಂತರೆ ಹೆಚ್ಚು. ನವೆಂಬರ್‌ನಲ್ಲಿ 5:50ಕ್ಕೇ ಮುಳುಗುತ್ತಾನೆ, ಜುಲೈಯಲ್ಲಿ 6:50ರ ತನಕ ಇರುತ್ತಾನೆ. ಮಗುವಿಗೆ ಹೊಟ್ಟೆ ತುಂಬಿಸಿಕೊಂಡು ಮೊದಲೇ ಹೋಗಿ ಕೂತಿರಿ.

ಫೋನ್ ಸಾಕು:

ಫೋನಿನವರಿಗೆ ಒಂದಿಷ್ಟು. ಮೊದಲು ಲೆನ್ಸ್ ಒರೆಸಿ. ಮಕ್ಕಳಿರುವ ಮನೆಯ ಫೋನಿನ ಮೇಲೆ ಬೆರಳ ಜಿಡ್ಡು ಇದ್ದೇ ಇರುತ್ತದೆ, ಎದುರು ಬೆಳಕಿನಲ್ಲಿ ಅದೇ ಮಂಜಾಗಿ ಕಾಣುವುದು. ಮುಖದ ಮೇಲೆ ಬೆರಳು ಒತ್ತಿ ಹಿಡಿದರೆ ಫೋಕಸ್ ಬೀಗ ಹಾಕಿದ ಹಾಗೆ ನಿಲ್ಲುತ್ತದೆ. ಆಮೇಲೆ ಬೆರಳು ಮೇಲೆ ಕೆಳಗೆ ಜಾರಿಸಿ ಬೆಳಕು ಹೊಂದಿಸಿ.

ತೀರಾ ಹತ್ತಿರ ಹೋಗಿ ಅಗಲದ ಲೆನ್ಸಿನಲ್ಲಿ ತೆಗೆಯಬೇಡಿ, ಮೂಗು ದೊಡ್ಡದಾಗಿ ಕಿವಿ ಸಣ್ಣದಾಗುತ್ತದೆ. 2 ಪಟ್ಟು ಜೂಮ್ ಇಟ್ಟು ನಾಲ್ಕು ಹೆಜ್ಜೆ ಹಿಂದೆ ನಿಲ್ಲಿ. ಹಿನ್ನೆಲೆ ಮಸುಕು ಮಾಡುವ ಪೋರ್ಟ್ರೇಟ್ ಮೋಡ್ ನಿಂತ ಮಗುವಿಗೆ ಸರಿ, ಕೆದರಿದ ಕೂದಲಿನ ಅಂಚನ್ನು ತಿಂದುಹಾಕುತ್ತದೆ. ಓಡುವ ಮಗುವಿಗೆ ಅದು ಬೇಡವೇ ಬೇಡ.

ಮತ್ತೆ ಕೂತು ತೆಗೆಯಿರಿ. ಮಗುವಿನ ಕಣ್ಣಿನ ಎತ್ತರಕ್ಕೆ ಇಳಿಯಿರಿ. ನಿಂತು ತೆಗೆದರೆ ಬರುವುದು ನೆತ್ತಿ ಮತ್ತು ನೆಲ.

ಮಲ್ಲೇಶ್ವರದ ಟೀಚರ್:

ಇಲ್ಲಿ ಯಾರೂ ಎತ್ತದ ಒಂದು ವಿಷಯ ಎತ್ತುತ್ತೇನೆ. ನನ್ನ ಮಗಳು ಕಪ್ಪು. ನನ್ನ ಹಾಗೆ, ನನ್ನ ಅಮ್ಮನ ಹಾಗೆ. ಅವಳ ಹುಟ್ಟುಹಬ್ಬಕ್ಕೆ ನಮ್ಮ ಏರಿಯಾದ ಒಂದು ಸ್ಟುಡಿಯೋದವರು ಬಂದು ಹೊರಗೆ ಫೋಟೋ ತೆಗೆದರು. ಆಲ್ಬಮ್ ಬಂದಾಗ ನೋಡಿದರೆ ಅವಳ ಮುಖಕ್ಕೆ ಯಾರದೋ ಬಣ್ಣ. ಕೇಳಿದರೆ "ಚೆನ್ನಾಗಿ ಕಾಣಲಿ ಅಂತ ಸ್ವಲ್ಪ ಬ್ರೈಟ್ ಮಾಡಿದೆವು ಮೇಡಂ" ಎಂದರು. ಅವಳು ಫೋಟೋ ನೋಡಿ "ಇದು ಯಾರು?" ಎಂದು ಕೇಳಿದಳು. ನನಗೆ ತುಂಬಾ ನೋವಾಯಿತು. ಅದೇ ಫೋಟೋಗಳನ್ನು ಮೂಲ ಬಣ್ಣದಲ್ಲಿ ಕೇಳಿ ತೆಗೆದುಕೊಂಡೆ.

ಫೋನುಗಳೂ ಕೇಳದೆ ಇದನ್ನು ಮಾಡುತ್ತವೆ. ಬ್ಯೂಟಿ ಎಂಬ ಆಯ್ಕೆ ಎಷ್ಟೋ ಫೋನುಗಳಲ್ಲಿ ಮೊದಲಿನಿಂದಲೇ ಆನ್ ಇರುತ್ತದೆ, ಅದರಲ್ಲೂ ಮುಂದಿನ ಕ್ಯಾಮೆರಾದಲ್ಲಿ. ಮಕ್ಕಳ ಫೋಟೋ ತೆಗೆಯುವ ಮೊದಲು ಅದನ್ನು ಪೂರ್ತಿ ಸೊನ್ನೆಗೆ ಇಳಿಸಿ. ಒಳ್ಳೆಯ ಬೆಳಕು ಬೇಕು ಎಂದರೆ ಬೆಳ್ಳಗೆ ಕಾಣಬೇಕು ಅಂತ ಅಲ್ಲ. ಹೊಂಗೆ ನೆರಳು ಸರ್, ನಮ್ಮ ಮಕ್ಕಳ ಬಣ್ಣ ಇದ್ದ ಹಾಗೇ, ಅಂದವಾಗಿ ಬರುವುದು ಹೇಗೆ ಎಂದು ಹೇಳುತ್ತೀರಾ?

ಹೊಂಗೆ ನೆರಳು:

ಟೀಚರ್, ಈ ವಿಷಯ ಎತ್ತಿದ್ದು ತುಂಬಾ ಒಳ್ಳೆಯದಾಯಿತು. ನನ್ನ ಬಳಿ ಬರುವವರಲ್ಲೂ "ಸ್ವಲ್ಪ ಬೆಳ್ಳಗೆ ಮಾಡಿ" ಎಂದು ಕೇಳುವವರಿದ್ದಾರೆ. ನಾನು ಮಾಡುವುದಿಲ್ಲ. ಮಗು ದೊಡ್ಡದಾದ ಮೇಲೆ ಆ ಫೋಟೋ ನೋಡುತ್ತದೆ. ತನ್ನ ಬಣ್ಣವನ್ನು ಯಾರೋ ಅಳಿಸಿದ್ದಾರೆ ಎಂದು ಅದಕ್ಕೆ ಗೊತ್ತಾಗಬಾರದು ಅಲ್ವಾ?

ಕ್ಯಾಮೆರಾ ಕೆಲಸ ಮಾಡುವ ರೀತಿ ಹೀಗೆ. ಚೌಕಟ್ಟಿನಲ್ಲಿ ಇರುವುದನ್ನೆಲ್ಲ ಸೇರಿಸಿ ಅದು ನಡುಬೂದಿ ಬಣ್ಣದ ಮಟ್ಟಕ್ಕೆ ತರಲು ನೋಡುತ್ತದೆ. ಬಿಳಿ ಫ್ರಾಕು, ಬಿಳಿ ಆಕಾಶ ಜಾಸ್ತಿ ಇದ್ದರೆ ಎಲ್ಲವನ್ನೂ ಕತ್ತಲೆ ಮಾಡುತ್ತದೆ, ಮುಖ ಮುಳುಗಿಹೋಗುತ್ತದೆ. ಕಡುನೀಲಿ ಬಟ್ಟೆ, ಕತ್ತಲೆಯ ಹಿನ್ನೆಲೆ ಇದ್ದರೆ ಎಲ್ಲವನ್ನೂ ಬೆಳಗಿಸುತ್ತದೆ, ಮುಖ ಬೂದಿ ಬಳಿದ ಹಾಗೆ ತೇಲುತ್ತದೆ. ಅದಕ್ಕೆ ಅಳತೆಯನ್ನು ಮುಖಕ್ಕೇ ಕೊಡಿ. ಕ್ಯಾಮೆರಾದಲ್ಲಿ ಸ್ಪಾಟ್ ಮೀಟರಿಂಗ್ (ಒಂದು ಚಿಕ್ಕ ಜಾಗದ ಬೆಳಕನ್ನಷ್ಟೇ ಅಳೆಯುವ ಆಯ್ಕೆ) ಇಡಿ, ಫೋನಿನಲ್ಲಿ ಮುಖದ ಮೇಲೆ ಬೆರಳಿಡಿ. ಕಪ್ಪು ಮೈಬಣ್ಣಕ್ಕೆ ಹೀಗೆ ಅಳೆದಾಗ ಕ್ಯಾಮೆರಾ ಜಾಸ್ತಿ ಬೆಳಗಿಸಿಬಿಡುತ್ತದೆ. ಆಗ ಎಕ್ಸ್‌ಪೋಷರ್ ಸ್ವಲ್ಪ ಇಳಿಸಿ, ಮಗುವನ್ನು ಒಮ್ಮೆ ಕಣ್ಣಾರೆ ನೋಡಿ, ಪರದೆಯನ್ನು ಒಮ್ಮೆ ನೋಡಿ. ಎರಡೂ ಹೊಂದುವ ತನಕ ಇಳಿಸಿ ಏರಿಸಿ.

ಬೆಳಕು ನೇರ ಮುಂದಿನಿಂದ ಬರುವುದಕ್ಕಿಂತ ಸ್ವಲ್ಪ ಬದಿಯಿಂದ ಬರಲಿ. ಕಪ್ಪು ಮೈಬಣ್ಣದಲ್ಲಿ ಹೊಳಪು ಬಲು ಚೆಂದ. ಕೆನ್ನೆ, ಹಣೆ, ಮೂಗಿನ ಏಣು ಎಲ್ಲವೂ ಆ ಹೊಳಪಿನಿಂದಲೇ ಮೂಡುತ್ತವೆ. ಉರಿಬಿಸಿಲಿನಲ್ಲಿ ಆ ಹೊಳಪು ಒಡೆದು ಬಿಳಿ ಮಚ್ಚೆಯಾಗುತ್ತದೆ. ಜಗಲಿಯ ಬದಿ ಬೆಳಕಿನಲ್ಲಿ ಅದೇ ಹೊಳಪು ಹರಡಿಕೊಂಡು ನಿಲ್ಲುತ್ತದೆ. ಹಳದಿ, ಕಡುಗೆಂಪು, ಪಾಚಿ ಹಸಿರು ಬಟ್ಟೆ ಹಾಕಿಸಿ, ಮುಖ ಎಷ್ಟು ಜೀವಂತವಾಗಿ ಕಾಣುತ್ತದೆ ನೋಡಿ.

ಎರಡು ಮಕ್ಕಳ ತಾಯಿ:

ನೀವೆಲ್ಲ ಬಿಸಿಲಿನ ಬಗ್ಗೆಯೇ ಹೇಳುತ್ತಿದ್ದೀರಿ. ನನಗೆ ಇಷ್ಟ ಆಷಾಢದ ಮೋಡ. ಆಕಾಶಕ್ಕೆ ಬಿಳಿ ಪಂಚೆ ಕಟ್ಟಿದ ಹಾಗೆ ಇರುತ್ತದೆ, ಹೊತ್ತು ನೋಡಬೇಕಿಲ್ಲ, ದಿಕ್ಕು ನೋಡಬೇಕಿಲ್ಲ. ಮಳೆ ನಿಂತ ಮೇಲೆ ನೀರು ನಿಂತ ರಸ್ತೆಯಲ್ಲಿ ಕುಣಿಯಲು ಬಿಟ್ಟರೆ ಸಾಕು.

ಹೊಂಗೆ ನೆರಳು:

ನಿಜ, ಜೂನ್‌ನಿಂದ ಸೆಪ್ಟೆಂಬರ್ ನನ್ನ ಮೆಚ್ಚಿನ ಕಾಲ. ಒಂದೇ ಎಚ್ಚರ. ಮೋಡ ಇದ್ದಾಗಲೂ ಬೆಳಕು ಹೆಚ್ಚಾಗಿ ಮೇಲಿನಿಂದಲೇ ಬರುತ್ತದೆ, ಕಣ್ಣಿನ ಕೆಳಗೆ ಕತ್ತಲೆ ಇರುತ್ತದೆ. ಮಗು ಮುಖ ಎತ್ತುವ ಹಾಗೆ ಮಾಡಿ. "ಆ ಮರದಲ್ಲಿ ಗಿಳಿ ಇದೆಯಾ ನೋಡು" ಎಂದರೆ ಸಾಕು, ಕಣ್ಣು ತುಂಬಾ ಬೆಳಕು. ನೆಲಕ್ಕೆ ಒಂದು ಬಿಳಿ ಬೆಡ್‌ಶೀಟ್ ಹಾಸಿ ಅದರ ಮೇಲೆ ಕೂರಿಸಿದರೂ ಕೆಳಗಿನಿಂದ ಬೆಳಕು ಸಿಗುತ್ತದೆ.

ಜಯನಗರದ ಅಮ್ಮ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಈ ಭಾನುವಾರ ಪಕ್ಕದ ಮನೆಯ ಪೋರ್ಟಿಕೋದಲ್ಲಿ ತೆಗೆದೆ. ಕಣ್ಣಿನಲ್ಲಿ ಆ ಹೊಳಪು ಬಂದಿದೆ! ಮುಖದ ಬಣ್ಣ ಅವಳದೇ. ಆದರೆ ಅವಳು ಒಂದು ಕಡೆ ನಿಲ್ಲುವುದಿಲ್ಲ. ಓಡಿದರೆ ಫೋಟೋ ಅಲುಗಿದ ಹಾಗೆ ಬರುತ್ತದೆ. ಸರ್, "ಆಟ ಹೂಡುತ್ತೇನೆ" ಎಂದಿರಲ್ಲ, ಅದನ್ನು ಬಿಡಿಸಿ ಹೇಳಿ.

ಹೊಂಗೆ ನೆರಳು:

ಕೇಳಿ ಖುಷಿಯಾಯಿತು ಮೇಡಂ. ನೆರಳಿನ ಅಂಚಿನಲ್ಲಿ ಸೀಮೆಸುಣ್ಣದಿಂದ ಕುಂಟೆಬಿಲ್ಲೆ ಮನೆ ಬರೆಯಿರಿ. ಮನೆಗಳ ಸಾಲು ನಿಮ್ಮ ಕಡೆಗೆ ಬರುವ ಹಾಗಿರಲಿ, ನಿಮ್ಮ ಬೆನ್ನ ಹಿಂದೆ ಬಯಲು ಇರಲಿ. ಕುಂಟಿಕೊಂಡು ಬರುವಾಗ ತಲೆ ಬಗ್ಗಿರುತ್ತದೆ, ಆಗ ತೆಗೆಯಬೇಡಿ. ಕೊನೆಯ ಮನೆಯಲ್ಲಿ ಎರಡೂ ಕಾಲು ಊರಿ "ಗೆದ್ದೆ!" ಎಂದು ನಿಮ್ಮನ್ನು ನೋಡುತ್ತಾಳಲ್ಲ, ಆ ಕ್ಷಣಕ್ಕೆ ಕಾಯಿರಿ. ಆ ನಗುವನ್ನು ಯಾರೂ ಹೇಳಿ ತರಿಸಲು ಆಗುವುದಿಲ್ಲ. ನೀವು ಫೋಕಸ್ ಮಾಡಬೇಕಾದ ಜಾಗವೂ ಮೊದಲೇ ಗೊತ್ತಿರುತ್ತದೆ.

ಉಯ್ಯಾಲೆಯೂ ಹೀಗೇ. ಹಿಂದಕ್ಕೆ ಹೋಗಿ, ಮುಂದಕ್ಕೆ ಬಂದು, ಎರಡು ತುದಿಯಲ್ಲೂ ಅದು ಒಂದು ಗಳಿಗೆ ನಿಲ್ಲುತ್ತದೆ. ಮುಂದಿನ ತುದಿಯಲ್ಲಿ ಒತ್ತಿ. ಸೋಪಿನ ಗುಳ್ಳೆ ಊದಿಸುವುದಾದರೆ ಬೆಳಕು ಹಿಂದಿನಿಂದ ಬರಲಿ, ಹಿನ್ನೆಲೆ ಕಡುಬಣ್ಣ ಇರಲಿ, ಇಲ್ಲದಿದ್ದರೆ ಗುಳ್ಳೆ ಕಾಣುವುದೇ ಇಲ್ಲ.

ಡಿಎಸ್‌ಎಲ್‌ಆರ್ ತೆಗೆದುಕೊಂಡರೆ ಶಟರ್ ವೇಗ ಸೆಕೆಂಡಿನ 500ನೇ ಒಂದು ಭಾಗಕ್ಕಿಂತ ನಿಧಾನ ಇಡಬೇಡಿ. ಉಯ್ಯಾಲೆ, ಜಿಗಿತಕ್ಕೆ 1000ನೇ ಒಂದು ಭಾಗ. ನೆರಳಿನಲ್ಲಿ ಬೆಳಕು ಸಾಲದಿದ್ದರೆ ಐಎಸ್‌ಒ (ಸೆನ್ಸರ್ ಬೆಳಕಿಗೆ ಎಷ್ಟು ಚುರುಕು ಎಂಬ ಅಂಕಿ) 400, 800ಕ್ಕೆ ಏರಿಸಿ, ಹೆದರಬೇಡಿ. ಸ್ವಲ್ಪ ಕಾಳುಕಾಳಾದರೂ ಪರವಾಗಿಲ್ಲ, ಅಲುಗಿದ ಫೋಟೋ ಮಾತ್ರ ಸರಿಹೋಗುವುದಿಲ್ಲ. 50 ಎಂಎಂ ಲೆನ್ಸಿನ ಕಿಂಡಿಯನ್ನು ಪೂರ್ತಿ ತೆರೆದು ಎಫ್ 1.8ರಲ್ಲಿ (ಈ ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು) ತೆಗೆದರೆ ಒಂದು ಕಣ್ಣು ಸ್ಪಷ್ಟ, ಇನ್ನೊಂದು ಮಸುಕು ಆಗುವುದುಂಟು. 2.8 ಅಥವಾ 4 ಇಡಿ. ಫೋಕಸ್ ಹತ್ತಿರದ ಕಣ್ಣಿಗೆ. ಫೋನಿನಲ್ಲಾದರೆ ಸಾಲಾಗಿ ಹಲವು ಫೋಟೋ ತೆಗೆಯುವ ಬರ್ಸ್ಟ್ ಇಟ್ಟು ಆಮೇಲೆ ಒಂದನ್ನು ಆರಿಸಿ.

ವೀಕೆಂಡ್ ಅಪ್ಪ:

ಕುಂಟೆಬಿಲ್ಲೆ ಐಡಿಯಾ ಸೂಪರ್ ಸರ್. ಒಂದು ಕೋರಿಕೆ ಎಲ್ಲರಿಗೂ. ಪಾರ್ಕಿನಲ್ಲಿ ತೆಗೆಯುವಾಗ ಬೇರೆಯವರ ಮಕ್ಕಳೂ ಚೌಕಟ್ಟಿಗೆ ಬರುತ್ತಾರೆ. ಅವರ ಅಪ್ಪ ಅಮ್ಮನನ್ನು ಕೇಳದೆ ಆ ಫೋಟೋ ಎಲ್ಲೂ ಹಾಕಬೇಡಿ. ನಿಮ್ಮ ಮಗುವಿನದು ಹಾಕುವಾಗಲೂ ಯೂನಿಫಾರ್ಮಿನ ಮೇಲಿನ ಶಾಲೆ ಹೆಸರು, ಫೋನ್ ಸೇರಿಸುವ ಜಾಗದ ಮಾಹಿತಿ ತೆಗೆದುಬಿಡಿ. ದಿನಾ ಮಗು ಎಲ್ಲಿರುತ್ತದೆ ಎಂದು ಅಪರಿಚಿತರಿಗೆ ತಿಳಿಯುವುದು ಬೇಡ.

ಬಸವನಗುಡಿ ತಾತ:

ಒಳ್ಳೆ ಮಾತು ಹೇಳಿದಿರಿ. ಕೊನೆಗೆ ಒಂದು ಕೇಳಿಕೊಳ್ಳುತ್ತೇನೆ. ತೆಗೆದದ್ದನ್ನೆಲ್ಲ ಫೋನಿನಲ್ಲೇ ಬಿಡಬೇಡಿ. ಚೆನ್ನಾಗಿರುವುದನ್ನು ಪ್ರಿಂಟ್ ಹಾಕಿಸಿ ಅಜ್ಜಿ ತಾತನಿಗೆ ಕೊಡಿ. ಪ್ರಿಂಟ್ ಹಾಕಿಸುವಾಗ "ಮುಖದ ಬಣ್ಣ ಮುಟ್ಟಬೇಡಿ" ಎಂದು ಅಂಗಡಿಯವರಿಗೆ ಬಾಯಿಬಿಟ್ಟು ಹೇಳಿ.

ಮಲ್ಲೇಶ್ವರದ ಟೀಚರ್:

ತಾತ, ಇದನ್ನು ಬರೆದುಕೊಂಡೆ. ಒಂದು ಯೋಚನೆ ಬಂತು. ನಾವೆಲ್ಲ ಮಕ್ಕಳನ್ನು ಕರೆದುಕೊಂಡು ಒಂದು ಭಾನುವಾರ ಕಬ್ಬನ್ ಪಾರ್ಕಿಗೆ ಹೋದರೆ ಹೇಗೆ? ಭಾನುವಾರ ಒಳಗಿನ ರಸ್ತೆಗಳಲ್ಲಿ ವಾಹನ ಓಡಾಡುವುದಿಲ್ಲ, ಮಕ್ಕಳು ಸೈಕಲ್ ಹೊಡೆಯಬಹುದು. ಹೊಂಗೆ ನೆರಳು ಸರ್ ಬಂದು ಜಾಗ ಹುಡುಕುವುದನ್ನು ತೋರಿಸಿದರೆ ಎಲ್ಲರಿಗೂ ಉಪಕಾರ.

ಹೊಂಗೆ ನೆರಳು:

ಸಂತೋಷವಾಗಿ ಬರುತ್ತೇನೆ. ಕೆಂಪು ಲೈಬ್ರರಿ ಕಟ್ಟಡದ ಹತ್ತಿರ ಸೇರೋಣ. ಆ ಕಡೆ ದೊಡ್ಡ ಮರಗಳಿವೆ, ನೆರಳಿನ ಅಂಚೂ ಸಿಗುತ್ತದೆ. ಬೇಗ ಏಳುವ ಮಕ್ಕಳು 7:30ಕ್ಕೆ ಬರಲಿ, ವೀಕೆಂಡ್ ಅಪ್ಪ 10ಕ್ಕೆ ಬರಲಿ. ಎರಡು ಹೊತ್ತಿನ ಬೆಳಕನ್ನೂ ನೋಡಿದ ಹಾಗಾಗುತ್ತದೆ. ಫೋನ್ ಇದ್ದರೆ ಸಾಕು. ಟ್ರೈಪಾಡ್, ದೊಡ್ಡ ಲೈಟು ತರಬೇಡಿ, ಅದಕ್ಕೆ ಮೊದಲೇ ಪಾರ್ಕಿನವರ ಅನುಮತಿ ಕೇಳಬೇಕಾಗುತ್ತದೆ. ಸೀಮೆಸುಣ್ಣ, ಬಿಳಿ ಬೆಡ್‌ಶೀಟ್, ಸೋಪಿನ ಗುಳ್ಳೆಯ ಡಬ್ಬಿ ನಾನು ತರುತ್ತೇನೆ. ಮಕ್ಕಳಿಗೆ ನೀರು, ಟೋಪಿ, ತಿಂಡಿ ನೀವು ತನ್ನಿ.

ಜಯನಗರದ ಅಮ್ಮ:

ನಾವು 7:30ಕ್ಕೇ ಬರುತ್ತೇವೆ. ಇಡ್ಲಿ ಜಾಸ್ತಿ ಮಾಡಿಕೊಂಡು ಬರುತ್ತೇನೆ. ಯಾರ್ಯಾರು ಬರುತ್ತೀರಿ ಎಂದು ಶುಕ್ರವಾರದೊಳಗೆ ಇಲ್ಲೇ ಹೇಳಿ.